ಕೊಳೆಯದ ಬಟ್ಟೆ

ದೋಹಾದ ಐನ್ ಖಾಲಿದ್‌ನಲ್ಲಿ ನಾವಿದ್ದ ವಿಲ್ಲಾ ಹೊರಗಿನಿಂದ ಒಂದು ಮನೆ, ಒಳಗೆ ಐದು. ಮಾಲೀಕ ಪ್ಲೈವುಡ್ ಗೋಡೆ ನಿಲ್ಲಿಸಿ ಒಂದೊಂದು ತುಂಡನ್ನು ಒಂದೊಂದು ಸಂಸಾರಕ್ಕೆ ಬಾಡಿಗೆಗೆ ಕೊಟ್ಟಿದ್ದ. ಕೆಳಗಿನ ಎರಡು ಕೋಣೆಯಲ್ಲಿ ಮಗಳು, ಅಳಿಯ, ನಾನು. ಮನೆಯ ಹಿಂಬದಿಯಲ್ಲಿ, ಮೊದಲು ಡ್ರೈವರ್ ಮಲಗುತ್ತಿದ್ದ ಒಂಟಿ ಕೋಣೆ. ಅದರಲ್ಲಿ ಐರ್ಲೆಂಡಿನ ಟೀಚರ್ ಒಬ್ಬಳಿದ್ದಳು. ಐವತ್ತರ ಹತ್ತಿರ ವಯಸ್ಸು, ಗಂಡ ಮಕ್ಕಳಿಲ್ಲ. ನಮ್ಮ ಅಡುಗೆಮನೆ ಬಾಗಿಲಿಗೂ ಅವಳ ಬಾಗಿಲಿಗೂ ನಡುವೆ ಒಂದು ಮರ. ಅರಬರು ಸಿದ್ರ್ ಎನ್ನುತ್ತಾರೆ, ನಮ್ಮ ಬೋರೆಯ ಜಾತಿಯದೇ. ಅದನ್ನು ಕಡಿಯಲು ಇಲ್ಲಿಯವರಿಗೆ ಹೆದರಿಕೆ. ಅಂಗಳಕ್ಕೆಲ್ಲ ಸಿಮೆಂಟ್ ಬಳಿಸಿದ ಮಾಲೀಕ ಅದರ ಬುಡವನ್ನು ಮಾತ್ರ ಬಿಟ್ಟಿದ್ದ.

ವರ್ಲ್ಡ್ ಕಪ್ ನಡೆದ ವರ್ಷದ ಮೇ ತಿಂಗಳು ಹುಟ್ಟಿದ ದಿನ. ಬೆಳಿಗ್ಗೆ ಅಕ್ಕಿ ತೊಳೆದ ನೀರು ಚೆಲ್ಲಲು ಬಾಗಿಲು ತೆರೆದರೆ ಟೀಚರ್ ಬಿಳಿ ಬೆಡ್‌ಶೀಟ್ ಹೊದ್ದು ಮರದ ಕೆಳಗೆ ನಿಂತಿದ್ದಳು. ನಾಲ್ಕು ದಿಕ್ಕಿಗೂ ತಿರುಗಿ ಏನೋ ಹೇಳಿದಳು. ಆಮೇಲೆ ಮೂರು ಸಲ ಉದ್ದಕ್ಕೆ ರಾಗ ಎಳೆದಳು, ಹೊಟ್ಟೆಯ ಅಡಿಯಿಂದ. ಕೊನೆಗೆ ತನ್ನ ಹಳೇ ಬನಿಯನ್ನಿನಿಂದ ಒಂದು ಪಟ್ಟಿ ಹರಿದು, ಲೋಟದ ನೀರಿನಲ್ಲಿ ಅದ್ದಿ, ಅಂಗಿಯೊಳಗೆ ಕೈ ಹಾಕಿ ಎಡ ಮೊಲೆಗೆ ಒತ್ತಿ ಹಿಡಿದಳು. ಆ ಪಟ್ಟಿಯನ್ನು ತೆಗೆದು ಕೊಂಬೆಗೆ ಕಟ್ಟಿದಳು.

ನನಗೆ ಇಂಗ್ಲಿಷ್ ಇಲ್ಲ. ಅವಳಿಗೆ ನಮ್ಮ ಯಾವ ಭಾಷೆಯೂ ಇಲ್ಲ. ಆದರೆ ನಾನು ಹತ್ತೊಂಬತ್ತು ವರ್ಷ ಒಂದು ಅರಬಿ ಮನೆಯಲ್ಲಿ ಮಲಯಾಳಿ ಹೆಂಗಸರ ಜೊತೆ ಅಡುಗೆ ಮಾಡಿದವಳು, ಅವಳೂ ದೋಹಾಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಇಬ್ಬರೂ ಅಂಗಡಿ ಅರಬ್ಬಿಯಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಆ ಭಾಷೆಯಲ್ಲಿ ಸುತ್ತಿ ಬಳಸಿ ಹೇಳಲು ಆಗುವುದಿಲ್ಲ. ಉಂಟು, ಇಲ್ಲ, ನಾಳೆ, ಮುಗಿಯಿತು. ಅಷ್ಟೇ.

"ಏನಿದು ಟೀಚರ್?"

"ಗಂಟು," ಎಂದಳು ಎದೆ ಮುಟ್ಟಿ. ಕೊಂಬೆ ತೋರಿಸಿದಳು. "ಬಟ್ಟೆ ಹಾಳಾದರೆ ಗಂಟು ಖಲಾಸ್."

"ಡಾಕ್ಟರ್?"

"ಡಾಕ್ಟರ್ ಮಾಫಿ." ಮಾಫಿ ಎಂದರೆ ಇಲ್ಲ.

ಡಾಕ್ಟರ್ ಯಾಕೆ ಬೇಡ ಎಂಬುದನ್ನು ಆಮೇಲೆ ಹೇಳಿದಳು. ಅವಳ ತಾಯಿಗೆ ಅದೇ ಜಾಗದಲ್ಲಿ ಗಂಟು, ಅಕ್ಕನಿಗೂ. ಇಬ್ಬರೂ ಆಸ್ಪತ್ರೆಗೆ ನಡೆದುಕೊಂಡು ಹೋದವರು. ಕತ್ತರಿ ಬಿದ್ದ ಮೇಲೆ ಒಂದು ವರ್ಷ ಕಾಣಲಿಲ್ಲ. ಅವಳ ಊರಲ್ಲಿ ಒಂದು ಒರತೆ ಉಂಟಂತೆ, ಅದರ ಪಕ್ಕದ ಮರದ ತುಂಬ ಇಂಥ ಚಿಂದಿಗಳು. ಕಾಯಿಲೆ ಇರುವ ಜಾಗಕ್ಕೆ ಒತ್ತಿ ಕಟ್ಟಿದರೆ ಬಟ್ಟೆ ಕೊಳೆತ ಹಾಗೆ ಕಾಯಿಲೆಯೂ ಕೊಳೆಯುತ್ತದೆ. ತಾನಾಗಿ ಬೀಳಬೇಕು. ಬೇರೆ ಯಾರಾದರೂ ಬಿಚ್ಚಿದರೆ ಕಾಯಿಲೆ ಬಿಚ್ಚಿದವರ ಮೈಗೆ ಬರುತ್ತದೆ.

ಇದು ಯಾವ ಮತ ಎಂದು ಕೇಳಿದಾಗ ಡ್ರೂಯಿಡ್ ಎಂದಳು. ನನಗೆ ತಿಳಿಯಲಿಲ್ಲ. ಮಗಳನ್ನು ಕೇಳಿದರೆ ಅವಳು ಫೋನ್ ನೋಡಿ ನಕ್ಕಳು.

"ಅದು ಹಳೇ ಕಾಲದ ಪೂಜಾರಿಗಳಮ್ಮ, ಕಾಡಲ್ಲಿ ಮರಕ್ಕೆ ಪೂಜೆ ಮಾಡ್ತಿದ್ದವ್ರು. ಅವ್ರೆಲ್ಲ ಸತ್ತು ಎಷ್ಟೋ ನೂರು ವರ್ಷ ಆಯ್ತು. ಇವ್ರದ್ದೆಲ್ಲ ಈಗ ಹೊಸತಾಗಿ ಮಾಡ್ಕೊಂಡದ್ದು."

ಇದನ್ನೇ ಟೀಚರಿಗೆ ಹೇಳಿದೆ. ನಿಮ್ಮದು ಹೊಸತಂತೆ. ಅವಳಿಗೆ ಬೇಸರವಾಗಲಿಲ್ಲ. ಹಳಬರು ಏನೂ ಬರೆದಿಡಲಿಲ್ಲ, ಅದಕ್ಕೇ ನಾವು ಮರವನ್ನೇ ಕೇಳುತ್ತೇವೆ ಎಂದಳು.

"ಮರ ಏನು ಹೇಳುತ್ತದೆ?"

"ಶ್ವಯ್ ಶ್ವಯ್." ನಿಧಾನ, ನಿಧಾನ.

ನಾನು ನಗಲಿಲ್ಲ. ನನ್ನ ತಾಯಿಯ ಮನೆಯಲ್ಲೂ ಕತ್ತಿ ಮುಟ್ಟಿಸದ ಮರ ಇತ್ತು, ಅದರ ಕೆಳಗೆ ಕಲ್ಲು ಇತ್ತು. ಕಲ್ಲಿಗೆ ಒಂದು ಸಲ ನೀರು ಹಾಕಲು ಶುರು ಮಾಡಿದರೆ ನಡುವೆ ಬಿಡುವಂತಿಲ್ಲ, ಬಿಟ್ಟರೆ ಅದು ಮನೆ ಬಾಗಿಲಿಗೆ ಬಂದು ಕೇಳುತ್ತದೆ ಎಂದು ನಂಬಿದವರು ನಾವು. ಅರಬಿ ಮನೆಯ ಅಜ್ಜಿಯೂ ನನಗೆ ಮೊದಲ ದಿನವೇ ಹೇಳಿದ್ದಳು, ಸಿದ್ರ್ ಮರದ ಬುಡಕ್ಕೆ ಬಿಸಿನೀರು ಚೆಲ್ಲಬೇಡ, ಜಿನ್ನ್ ಕೂತಿರುತ್ತದೆ. ಈಗ ಇವಳೂ ಬಂದು ಅದೇ ಮರದಲ್ಲಿ ಏನನ್ನೋ ಕೂರಿಸಿದಳು. ಯಾರು ಯಾರು ಆ ಕೊಂಬೆಯಲ್ಲಿದ್ದಾರೋ ಎಂದು ಅವತ್ತಿನಿಂದ ನಾನು ಆ ಕಡೆ ಹೋಗುವಾಗ ಸೆರಗು ಬಿಗಿ ಮಾಡಿಕೊಳ್ಳುತ್ತಿದ್ದೆ.

ಜೂನ್ ಕಳೆಯಿತು. ಬಟ್ಟೆ ಕೊಳೆಯಲಿಲ್ಲ. ಬಿಸಿಲಿಗೆ ಬಿಳಿಚಿ, ಹಪ್ಪಳದ ಹಾಗೆ ಸೆಟೆದು ನಿಂತಿತು.

"ನಮ್ಮ ಊರಲ್ಲಿ ದಿನಾ ಮಳೆ," ಎಂದಳು ಟೀಚರ್. "ಒಂದು ಚಳಿಗಾಲ ಸಾಕು."

"ಇಲ್ಲಿ ಮಳೆ ಮಾಫಿ. ಇಲ್ಲಿ ಸತ್ತ ಬೆಕ್ಕೂ ಕೊಳೆಯುವುದಿಲ್ಲ, ಒಣಗುತ್ತದೆ."

ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು. ಅವಳ ಮುಖ ಸಣ್ಣಗಾಯಿತು. ಅದನ್ನು ಸರಿ ಮಾಡಲು ಹೋಗಿ ನಾನು ಇನ್ನೊಂದು ಮಾತು ಹೇಳಿದೆ. ನಮ್ಮ ಎಸಿಯ ಪೈಪಿನ ಕೆಳಗೆ ಬಕೆಟ್ ಇಟ್ಟಿರುತ್ತಿದ್ದೆ. ದಿನಕ್ಕೆ ಎರಡು ಬಕೆಟ್ ನೀರು ತುಂಬುತ್ತಿತ್ತು, ಅದರಲ್ಲಿ ನೆಲ ಒರೆಸುತ್ತಿದ್ದೆ. ಆ ನೀರನ್ನು ಬಟ್ಟೆಗೆ ಹಾಕೋಣ, ದಿನಾ ನೆನೆದರೆ ಬೇಗ ಕೊಳೆಯುತ್ತದೆ ಎಂದೆ.

ಟೀಚರ್ ನನ್ನ ಎರಡೂ ಕೈ ಹಿಡಿದುಕೊಂಡಳು. ಎಸಿ ನೀರನ್ನು ಅವಳು ಮಳೆ ಎಂದೇ ಕರೆದಳು. ಗಾಳಿಯೊಳಗಿನ ನೀರೇ ಅಲ್ಲವಾ, ಆಕಾಶದ್ದೇ, ಎಂದಳು. ಬೆಳಿಗ್ಗೆ ನಾನು ಒಂದು ಚೆಂಬು, ಸಂಜೆ ಶಾಲೆಯಿಂದ ಬಂದು ಅವಳು ಒಂದು ಚೆಂಬು. ಜುಲೈ ಆಗಸ್ಟಿನಲ್ಲಿ ಟೀಚರುಗಳೆಲ್ಲ ಊರಿಗೆ ಹೋಗುತ್ತಾರೆ, ಅವಳು ಹೋಗಲಿಲ್ಲ. ಊರಲ್ಲಿ ಅಣ್ಣ ಇದ್ದಾನೆ, ಗೊತ್ತಾದರೆ ಆಸ್ಪತ್ರೆಗೆ ಎಳೆಯುತ್ತಾನೆ ಎಂದಳು. ನಾನು ಸರಿ ಎಂದೆ.

ತಪ್ಪು ನಡೆದದ್ದು ಇಲ್ಲಿ. ನಮ್ಮ ಮನೆಯಲ್ಲಿ ಹರಕೆ ಹೇಳಿಕೊಂಡರೆ ಫಲ ಸಿಗುವ ತನಕ ಮೂರನೆಯವರಿಗೆ ಹೇಳುವುದಿಲ್ಲ. ಹೇಳಿದರೆ ಹರಕೆ ಮುರಿಯುತ್ತದೆ. ಅವಳ ಚಿಂದಿಯನ್ನು ನಾನು ನಮ್ಮ ಹರಕೆಯ ಲೆಕ್ಕಕ್ಕೇ ಸೇರಿಸಿದೆ. ಗಂಟಿನ ವಿಷಯ ಮಗಳಿಗೆ ಹೇಳಲಿಲ್ಲ. ಹೇಳಿದ್ದರೆ ಅವಳು ಅದೇ ದಿನ ಟೀಚರನ್ನು ಕಾರಿಗೆ ಹಾಕಿಕೊಂಡು ಹೋಗುತ್ತಿದ್ದಳು. ಐರ್ಲೆಂಡಿನವರಿಗೆ ಹರಕೆ ಗುಟ್ಟಾಗಿರಬೇಕು ಎಂದು ಯಾರೂ ಹೇಳಿರಲಿಲ್ಲ. ನಾನೇ ಸೇರಿಸಿದ್ದು.

ಅಳಿಯ ಬೇರೆ ಕಾರಣಕ್ಕೆ ಹೆದರಿದ್ದ.

"ಅತ್ತೆ, ಎಂತ ಅದು, ದಿನಾ ಮರಕ್ಕೆ ನೀರು? ಯಾರಾದ್ರೂ ವಿಡಿಯೋ ತೆಗ್ದ್ರೆ ಪೂಜೆ ಅಂತಾರೆ. ಇಲ್ಲಿ ಅದೆಲ್ಲ ಹೊರಗೆ ಮಾಡ್ಲಿಕ್ಕಿಲ್ಲ. ನನ್ನ ವೀಸಾ ಖಲಾಸ್."

"ಗಿಡಕ್ಕೆ ನೀರು ಹಾಕುದು ಪೂಜೆಯಾ?"

"ನೀವು ಚಪ್ಪಲಿ ಬಿಟ್ಟು ಹಾಕ್ತೀರಿ."

ಅದು ಹೌದು. ನನಗೇ ಗೊತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಮೇಲಿನ ಸಂಸಾರಗಳನ್ನು ಮಾಲೀಕ ಖಾಲಿ ಮಾಡಿಸಿದ. ಫುಟ್‌ಬಾಲ್ ನೋಡಲು ಬರುವವರಿಗೆ ಕೊಡುತ್ತಾನಂತೆ. ಪ್ಲೈವುಡ್ ಗೋಡೆಗಳನ್ನು ಒಡೆದು ತಂದು ಮರದ ಕೆಳಗೆ ರಾಶಿ ಹಾಕಿದರು, ಮೊಳೆಗಳು ಮೇಲೆ ಮುಖ ಮಾಡಿಕೊಂಡು. ಮಕ್ಕಳ ಸದ್ದು ಹೋಯಿತು. ಒಂದು ತಿಂಗಳು ಆ ದೊಡ್ಡ ಕಟ್ಟಡದಲ್ಲಿ ನಾವು ಮತ್ತು ಅವಳು ಮಾತ್ರ. ನಾನು ಒಂದು ಪಾತ್ರೆ ಇಟ್ಟರೆ ಮೇಲೆ ಯಾರೋ ಪಾತ್ರೆ ಇಟ್ಟ ಹಾಗೆ ಕೇಳುತ್ತಿತ್ತು.

ಅಕ್ಟೋಬರಿನ ಕೊನೆಯ ದಿನ ಟೀಚರಿನ ಮತದ ಲೆಕ್ಕದಲ್ಲಿ ಸತ್ತವರು ಮನೆಗೆ ಬರುವ ದಿನ. ಸೂರ್ಯ ಇಳಿಯುವಾಗ ಅವಳು ಮರದ ಕೆಳಗೆ ತಟ್ಟೆ ಇಟ್ಟು ರೊಟ್ಟಿ, ಸೇಬು, ಬೆಣ್ಣೆ ಬಡಿಸಿದಳು. ನಾವೂ ಸತ್ತವರಿಗೆ ಎಲೆ ಹಾಕಿ ಬಡಿಸುತ್ತೇವೆ. ಬಡಿಸಿ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುತ್ತೇವೆ, ಅವರು ಉಣ್ಣುವುದನ್ನು ನೋಡಬಾರದು. ಅವಳು ಎದುರಿಗೇ ಕುರ್ಚಿ ಹಾಕಿ ಕೂತಳು.

ತಾಯಿಗೆ ಒಂದು, ಅಕ್ಕನಿಗೆ ಒಂದು. ತಟ್ಟೆ ಮೂರು ಇತ್ತು.

"ಮೂರನೆಯದು ಯಾರಿಗೆ?"

ಅವಳು ಮೂರನೆಯ ತಟ್ಟೆಯನ್ನು ತನ್ನ ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡಳು. ಮಾರನೆಯ ದಿನ ಎರಡು ತಟ್ಟೆಗಳಲ್ಲಿ ಇರುವೆ ತುಂಬಿತ್ತು. ಮೂರನೆಯದನ್ನು ಇರುವೆಯೂ ಮುಟ್ಟಿರಲಿಲ್ಲ. ಅದಕ್ಕೆ ಏನಾದರೂ ಕಾರಣ ಇರಬಹುದು, ಬೆಣ್ಣೆ ಬೇರೆ ಇರಬಹುದು. ನಾನು ಕಂಡದ್ದನ್ನು ಹೇಳುತ್ತೇನೆ.

ನವೆಂಬರ್ ಬಂತು, ಹವೆ ತಣಿಯಿತು, ಎಸಿ ಆರಿಸಿದೆವು. ಬಕೆಟ್ ಒಣಗಿತು. ನಲ್ಲಿ ನೀರು ಹಾಕಲೇ ಎಂದರೆ ಅವಳು ಬೇಡ ಎಂದಳು, ಅದು ಸಮುದ್ರದ ನೀರನ್ನು ಯಂತ್ರಕ್ಕೆ ಹಾಕಿ ತೆಗೆದದ್ದು, ಮಳೆಯಲ್ಲ. ಬಟ್ಟೆ ಅರ್ಧ ನೂಲಾಗಿತ್ತು, ಉಳಿದ ಅರ್ಧ ಗಟ್ಟಿಯಾಗಿತ್ತು. ಅಲ್ಲಿಗೇ ನಿಂತಿತು.

ಅವಳ ಕಾಯಿಲೆ ನಿಲ್ಲಲಿಲ್ಲ. ಎಡಗೈ ಎತ್ತಿ ಬಟ್ಟೆ ಒಣಹಾಕಲು ಆಗುತ್ತಿರಲಿಲ್ಲ. ಶಾಲೆಗೆ ಫುಟ್‌ಬಾಲಿನ ರಜೆ ಕೊಟ್ಟಿದ್ದರು, ದಿನವಿಡೀ ಕುರ್ಚಿ ಹಾಕಿ ಮರ ನೋಡುತ್ತಿದ್ದಳು. ಮೇಲೆ ಬಂದಿಳಿದವರು ಬಾವುಟ ಹೊದ್ದು ಡೋಲು ಬಡಿಯುತ್ತಿದ್ದರು. ಒಂದು ದಿನ ಅವಳ ಅಂಗಿಯ ಎಡಬದಿಯಲ್ಲಿ ಹಳದಿ ಒದ್ದೆ ಕಂಡೆ. ಕಾಫಿ ಚೆಲ್ಲಿದ್ದಲ್ಲ. ವಾಸನೆ ಇತ್ತು.

"ಟೀಚರ್, ಆಸ್ಪತ್ರೆ. ಈಗ."

"ಬಟ್ಟೆ ಬಿದ್ದ ದಿನ ಹೋಗುತ್ತೇನೆ. ಹೋಗಿ ತೋರಿಸುತ್ತೇನೆ, ನೋಡಿ, ಮಾಫಿ ಎಂದು. ಅದಕ್ಕೆ ಮೊದಲು ಇಲ್ಲ."

ಇಷ್ಟು ಕೇಳಿದ ಮೇಲೆ ನನಗೆ ಬೇರೆ ದಾರಿ ಕಾಣಲಿಲ್ಲ. ಒಂದು ಮಧ್ಯಾಹ್ನ ಮೇಲಿನವರೆಲ್ಲ ಆಟ ನೋಡಲು ಹೋಗಿದ್ದರು, ಅವಳು ಮಲಗಿದ್ದಳು. ಸ್ಟೂಲು ತಂದು ಹತ್ತಿದೆ. ಕೈಯಿಂದ ಎಳೆದರೆ ಬರಲಿಲ್ಲ, ಏಳು ತಿಂಗಳ ಹಿಂದಿನ ಗಂಟು ಕಲ್ಲಾಗಿತ್ತು. ಮೀನಿನ ಚಾಕುವಿನಿಂದ ಕುಯ್ದೆ. ಮುಳ್ಳು ತಾಗಿ ಬೆರಳಿಂದ ರಕ್ತ ಬಂತು. ಬಟ್ಟೆಯನ್ನು ರಸ್ತೆಯ ಕಸದ ಡಬ್ಬಿಗೆ ಹಾಕಿ, ಸೋಪು ಹಾಕಿ ಕೈ ತೊಳೆದು, ಅವಳು ಎದ್ದ ಮೇಲೆ ಹೇಳಿದೆ.

"ಬಿತ್ತು ಟೀಚರ್. ಗಾಳಿಗೆ ಹಾರಿ ಹೋಯಿತು."

ಅವಳು ಅತ್ತಳು. ಹೋಗಿ ಮರವನ್ನು ತಬ್ಬಿಕೊಂಡಳು, ಮುಳ್ಳಿರುವ ಮರವನ್ನು.

"ಯಲ್ಲಾ, ನಡಿ, ಆಸ್ಪತ್ರೆ," ಎಂದೆ.

"ಯಾಕೆ?" ಎಂದಳು. ಮುಖದಲ್ಲಿ ಮದುಮಗಳ ನಗು. "ಅಮ್ಮಾ, ಖಲಾಸ್ ಆಯಿತಲ್ಲ."

ನಾನು ಬೇಗ ಕಳಿಸಲು ಹೇಳಿದ ಸುಳ್ಳು ಅವಳನ್ನು ಇನ್ನೂ ಗಟ್ಟಿಯಾಗಿ ಕೂರಿಸಿತು. ಒಂದು ವಾರ ಅವಳು ಹಾಡಿಕೊಂಡೇ ಇದ್ದಳು. ಅಂಗಿಯ ಒದ್ದೆ ದೊಡ್ಡದಾಗುತ್ತಾ ಹೋಯಿತು. ಕಾಯಿಲೆ ಹೊರಗೆ ಹರಿದು ಹೋಗುತ್ತಿದೆ ಎಂದಳು. ಕಪ್ ಯಾರೋ ಗೆದ್ದರು, ಮೇಲಿನವರು ಪೆಟ್ಟಿಗೆ ಎಳೆದುಕೊಂಡು ಹೋದರು. ಅದಾಗಿ ಮೂರು ದಿನಕ್ಕೆ ವರ್ಷದ ಅತಿ ಸಣ್ಣ ಹಗಲು ಬಂತು. ಅವಳಿಗೆ ಹಬ್ಬ. ಮತ್ತೆ ಬೆಡ್‌ಶೀಟ್ ಹೊದ್ದು ಮರಕ್ಕೆ ಜೇನು ಸುರಿದು ನನ್ನನ್ನು ಕರೆದಳು. ರಾಗ ಎಳೆಯಲು ಹೋದಳು, ಅರ್ಧಕ್ಕೆ ಉಸಿರು ನಿಂತಿತು.

ನಾನು ಅಲ್ಲೇ ಹೇಳಿಬಿಟ್ಟೆ.

"ಬೀಳಲಿಲ್ಲ. ನಾನು ಕುಯ್ದದ್ದು. ಚಾಕುವಿನಿಂದ."

ಅವಳಿಗೆ ತಿಳಿಯಲಿಲ್ಲ ಎಂದುಕೊಂಡು ಕೈಯಲ್ಲಿ ಕುಯ್ದ ಹಾಗೆ ಮಾಡಿ ತೋರಿಸಿದೆ. ಬೈಯುತ್ತಾಳೆ ಎಂದು ನಿಂತಿದ್ದೆ. ಅವಳು ನನ್ನ ಬೆರಳು ಹಿಡಿದು, ಮುಳ್ಳು ತಾಗಿದ ಗಾಯ ನೋಡಿ, ಬೆಡ್‌ಶೀಟಿಗಿಂತ ಬಿಳಿಯಾದಳು.

"ಅಮ್ಮಾ, ಈಗ ಅದು ನಿನಗೆ ಬಂತು."

"ಬಂದರೆ ಬರಲಿ. ನನಗೆ ಎಪ್ಪತ್ತಾಯಿತು."

"ಇಲ್ಲ. ನೀನು ಡಾಕ್ಟರ್. ಇವತ್ತು."

ತನಗೆ ಬೇಡದ ಡಾಕ್ಟರು ನನಗೆ ಬೇಕಾಯಿತು. ನಾನು ಅದನ್ನೇ ಹಿಡಿದುಕೊಂಡೆ.

"ನೀನು ತೋರಿಸಿದರೆ ನಾನು ತೋರಿಸುತ್ತೇನೆ. ನೀನು ಮಾಫಿ, ನಾನೂ ಮಾಫಿ."

ಮಗಳು ಆಫೀಸಿನಿಂದ ಬಂದು ಕಾರು ತೆಗೆದಳು. ದಾರಿಯಲ್ಲಿ ಅವಳಿಗೆ ಎಲ್ಲವನ್ನೂ ಹೇಳಬೇಕಾಯಿತು. ಸಿಗ್ನಲಿನಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಮೇ ತಿಂಗಳಿಂದ ನಿಂಗೆ ಗೊತ್ತಿತ್ತಾ? ಒಂದು ಮಾತು ನಂಗೆ ಹೇಳ್ಲಿಕ್ಕೆ ಎಂತ ಆಗಿತ್ತು ನಿಂಗೆ?"

ಹಿಂದೆ ಹಾರ್ನ್ ಹೊಡೆದರು. ಅವಳು ಕಾರು ಬಿಟ್ಟಳು.

ಮೊದಲು ಅಮ್ಮನನ್ನು ನೋಡಿ ಎಂದು ಟೀಚರ್ ಹಟ ಹಿಡಿದಳು. ನನ್ನನ್ನು ಒತ್ತಿ ನೋಡಿದರು, ಯಂತ್ರದಲ್ಲಿಟ್ಟು ಅಮುಕಿದರು. ಏನೂ ಇಲ್ಲ ಎಂದರು. ಹೊರಗೆ ಬಂದು ಟೀಚರಿಗೆ ಕೈಯಾಡಿಸಿ ಹೇಳಿದೆ, ಮಾಫಿ, ಏನೂ ಮಾಫಿ. ಅವಳಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅವಳು ತನ್ನ ಎದೆ ನೋಡಿಕೊಂಡಳು. ನನ್ನ ಮೈಗೆ ಬಂದಿಲ್ಲ ಎಂದರೆ ಅದು ಎಲ್ಲಿದೆ ಎಂದು ಅವಳಿಗೆ ಆಗ ಗೊತ್ತಾಯಿತು. ಎದ್ದು, ಎಡಗೈಯನ್ನು ಬಲಗೈಯಲ್ಲಿ ಎತ್ತಿ ಹಿಡಿದುಕೊಂಡು, ಪರದೆಯ ಒಳಗೆ ಹೋದಳು.

ತುಂಬ ಹೊತ್ತಾದ ಮೇಲೆ ಡಾಕ್ಟರು ಬಂದು ಮಗಳ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಿದರು. ಮಗಳು ಗೋಡೆಗೆ ಒರಗಿದಳು. ಕಂಕುಳಿಗೆ ಇಳಿದಿದೆ, ಬೆನ್ನುಮೂಳೆಗೂ ಹೋಗಿರಬಹುದು, ಇನ್ನು ಕತ್ತರಿ ಹಾಕಿ ಉಪಯೋಗವಿಲ್ಲ, ಇಷ್ಟು ನನಗೆ ಹೇಳಿದಳು.

ಮಲಯಾಳಿ ನರ್ಸ್ ಒಬ್ಬಳು ಕೈಗವಸು ಬಿಚ್ಚುತ್ತಾ ನನ್ನ ಮುಂದೆ ಬಂದು ನಿಂತಳು. ಮನೆಯವಳು ನಾನೇ ಎಂದುಕೊಂಡಿರಬೇಕು. ಹುಣ್ಣು ಒಡೆದು ಇಷ್ಟಾಗುವ ತನಕ, ಇಷ್ಟು ತಿಂಗಳು ನೀವೆಲ್ಲ ಏನು ಮಾಡುತ್ತಿದ್ದಿರಿ ಎಂದು ತನ್ನ ಭಾಷೆಯಲ್ಲಿ ಕೇಳಿದಳು. ಒಂದೊಂದು ಮಾತೂ ನನಗೆ ಅರ್ಥವಾಯಿತು.

ನನಗೆ ಮಲಯಾಳ ಬರುವುದಿಲ್ಲ ಎಂದೆ. ಹಾಗೆಂದದ್ದು ಮಲಯಾಳದಲ್ಲೇ.