ಮಾವನ ಬಗಲಚೀಲ

ಮದುವೆಯಾಗಿ ಹನ್ನೊಂದು ವರ್ಷ ಕಳೆದರೂ ನಾನು ನಿಮ್ಮ ಮುತ್ತಜ್ಜನ ಹತ್ತಿರ, ಅಂದರೆ ನನ್ನ ಮಾವನ ಹತ್ತಿರ, ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಜಗಳವೇನೂ ಇರಲಿಲ್ಲ. ಸೊಸೆಯರು ಮಾವನ ಎದುರು ಬಾಯಿ ಬಿಡದ ಕಾಲ ಅದು. ಮೇಲಾಗಿ ನಾನು ಮೊದಲಿನಿಂದಲೂ ನಾಚಿಕೆಯವಳು. ತೀರ್ಥಹಳ್ಳಿ ಕಡೆಯ ನಮ್ಮೂರ ಶಾಲೆಯಲ್ಲಿ ಏಳು ವರ್ಷ ಹಾಜರಿಗೆ ಕೈ ಎತ್ತಿದ್ದೇ ಹೊರತು ಬಾಯಿ ತೆರೆದವಳಲ್ಲ. ಅತ್ತೆ ತೀರಿಕೊಂಡ ಮೇಲೆ ಮಾವನ ಜೊತೆ ಮಾತು ಬೇಕೇ ಬೇಕಾಯಿತು. ಆಗ ನಮ್ಮ ಮನೆಯ ಬೆಕ್ಕು ಸಹಾಯಕ್ಕೆ ಬಂತು. “ಬೆಕ್ಕೇ, ಊಟಕ್ಕೆ ಬಡ್ಸಿದೀನಿ” ಎಂದು ನಾನು ಬಾಗಿಲ ಮರೆಯಿಂದ ಹೇಳುವುದು. “ಬೆಕ್ಕೇ, ಸಾರಿಗೆ ಉಪ್ಪು ಕಮ್ಮಿ” ಎಂದು ಅವರು ಕುಳಿತಲ್ಲಿಂದ ಹೇಳುವುದು. ಬೆಕ್ಕು ಹೊರಗೆ ಹೋಗಿದ್ದರೆ ಕಂಬಕ್ಕೆ ಹೇಳುತ್ತಿದ್ದೆವು.

ನಮ್ಮದು ಹೊಸನಗರ ತಾಲೂಕಿನ ಒಂದು ಹಳ್ಳಿ. ಗೇಣಿಗೆ ಮಾಡುತ್ತಿದ್ದ ಗದ್ದೆ ಸ್ವಂತದ್ದಾಗಿ ಕೆಲವು ವರ್ಷಗಳಾಗಿದ್ದವು. ಆದರೆ ಮಾವನಿಗೆ ಹೆಸರು ತಂದಿದ್ದು ಗದ್ದೆಯಲ್ಲ, ಆಲೆಮನೆ. ಕಬ್ಬಿನ ಹಾಲು ಕುದಿದು ಬೆಲ್ಲವಾಗುವಾಗ ಕೊಪ್ಪರಿಗೆಯನ್ನು ಯಾವ ಗಳಿಗೆಯಲ್ಲಿ ಇಳಿಸಬೇಕೆಂದು ಹೇಳಬಲ್ಲವರು ಸುತ್ತಮುತ್ತ ಇಬ್ಬರೋ ಮೂವರೋ ಇದ್ದರು. ಪಾಕ ನೋಡಲು ಮಾವನಿಗೆ ಹುಂಚದ ಕಡೆಯಿಂದಲೂ ಕರೆ ಬರುತ್ತಿತ್ತು.

ಎಂಬತ್ತರ ದಶಕದ ಒಂದು ಚಳಿಗಾಲದಲ್ಲಿ ಮಾವನಿಗೆ ಮೂತ್ರ ಕಟ್ಟಿತು. ನಿಮ್ಮ ಅಜ್ಜ ಅವರನ್ನು ಬಸ್ಸಿನಲ್ಲಿ ಸಾಗರಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಮೂತ್ರ ಇಳಿಯಲು ಒಂದು ರಬ್ಬರ್ ನಳಿಗೆ ಹಾಕಿ, ಅದರ ತುದಿಗೆ ಪ್ಲಾಸ್ಟಿಕ್ ಚೀಲ ಜೋಡಿಸಿ, ಆಮೇಲೆ ಆಪರೇಷನ್ ಮಾಡೋಣ ಎಂದು ಕಳುಹಿಸಿದರು. ಮನೆಗೆ ಬಂದ ಮೇಲೆ ಚಳಿಜ್ವರ ಶುರುವಾಯಿತು. ಮಾತ್ರೆ ನುಂಗಿದರೆ ಇಳಿಯುತ್ತಿತ್ತು, ನಿಲ್ಲಿಸಿದ ವಾರದಲ್ಲಿ ಮತ್ತೆ ಏರುತ್ತಿತ್ತು. ಎರಡನೆಯ ಸಲ ಜ್ವರ ಬಂದಾಗ ನಾನೂ ಜೊತೆಗೆ ಹೋದೆ.

“ಇಪ್ಪತ್ತು ದಿನ ಜ್ವರ ಇಲ್ದೆ ಇದ್ರೆ ಆಪರೇಷನ್ ಮಾಡಿ ನಳಿಗೆ ತೆಗೀತೀನಿ” ಎಂದರು ಡಾಕ್ಟರು. “ಮತ್ತೆ ಜ್ವರ ಬಂದು ರಕ್ತಕ್ಕೇರಿದ್ರೆ ಈ ವಯಸ್ಸಲ್ಲಿ ಜೀವಕ್ಕೇ ಕಷ್ಟ.” ಬಸ್ಸಿನಲ್ಲಿ ಬರುವಾಗ ಮಾವ ಕಿಟಕಿಯಾಚೆ ಕಬ್ಬಿನ ಗದ್ದೆಗಳನ್ನು ನೋಡುತ್ತಾ ಕುಳಿತಿದ್ದರು.

ಹೊರಡುವ ಮೊದಲು ಆಸ್ಪತ್ರೆಯಲ್ಲಿ ಇನ್ನೊಂದು ಪಾಠ ಆಗಿತ್ತು. ಘಟ್ಟದ ಕೆಳಗಿನವರಾದ ದಪ್ಪನೆಯ ನರ್ಸಮ್ಮ ಒಬ್ಬರು ಮಾವನಿಗೆ ಹೊಸ ನಳಿಗೆ ಹಾಕಿ, ತೆಗೆದ ಹಳೆಯ ನಳಿಗೆಯನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ ನನಗೆ ತೋರಿಸಿದರು. ಒಳಗೆಲ್ಲ ಬೆಳ್ಳಗೆ ಲೋಳೆ ಅಂಟಿಕೊಂಡಿತ್ತು.

“ನಿಮ್ಮನೇಲಿ ದನಕ್ಕೆ ಕಲಗಚ್ಚು ಹಾಕುವ ಬಾನಿ ಉಂಟಲ್ಲ?”

ನಾನು ತಲೆಯಾಡಿಸಿದೆ.

“ಅದನ್ನು ಉಜ್ಜದೆ ಬಿಟ್ರೆ ಎಂತ ಆಗ್ತದೆ? ಒಳಗೆ ಲೋಳೆ ಕಟ್ತದೆ. ಎಷ್ಟು ನೀರು ಹೊಯ್ದರೂ ಹೋಗ್ಲಿಕ್ಕಿಲ್ಲ. ಇದೂ ಹಾಗೇ. ರೋಗದ ಹುಳ ಒಂದಕ್ಕೊಂದು ಅಂಟಿಕೊಂಡು ಲೋಳೆಯ ಮನೆ ಕಟ್ಟಿ ಒಳಗೆ ಕೂರ್ತವೆ. ಮಾತ್ರೆ ಹೊರಗಿಂದ ಬಾಗಿಲು ಬಡಿದು ವಾಪಸು ಬರ್ತದೆ. ಬಾನಿಯಾದ್ರೆ ಉಜ್ಜಬಹುದು, ಇದರೊಳಗೆ ಕೈ ಹಾಕ್ಲಿಕ್ಕೆ ಆಗ್ತದಾ? ಹಾಗಾಗಿ ಅವು ಹೊಗದ ಹಾಗೆ ನೋಡಬೇಕು.”

ಆಮೇಲೆ ಹೇಳಬೇಕಾದ್ದನ್ನೆಲ್ಲ ಹೇಳಿಕೊಟ್ಟರು. ಮುಟ್ಟುವ ಮೊದಲೂ ಆಮೇಲೂ ಸೋಪು ಹಾಕಿ ಕೈ ತೊಳೆಯಬೇಕು. ನಳಿಗೆಯನ್ನು ಚೀಲದಿಂದ ಬಿಡಿಸಬಾರದು. ಚೀಲ ಖಾಲಿ ಮಾಡುವಾಗ ಅದರ ಮೂತಿ ಪಾತ್ರೆಗೆ ತಾಗಬಾರದು. ನೀರು ಚೆನ್ನಾಗಿ ಕುಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ಮೇಲೆ ಹೋದರೆ ಕೆಟ್ಟ ಮೂತ್ರ ಹಿಂದಕ್ಕೆ ಹರಿಯುತ್ತದೆ. ಎಲ್ಲವನ್ನೂ ಒಮ್ಮೆ ನನ್ನ ಬಾಯಿಂದ ಹೇಳಿಸಿದರು. ನಾನು ಪಿಸುಗುಟ್ಟಿದೆ.

“ಗಟ್ಟಿ ಹೇಳು ಮಾರಾಯ್ತಿ. ನೀನು ಹೀಗೆ ಹೇಳಿದ್ರೆ ಮಾವನಿಗೆ ಬಿಡು, ಹುಳಕ್ಕೂ ಕೇಳ್ಲಿಕ್ಕಿಲ್ಲ!”

ಊರಿಗೆ ಬಂದು ಎಲ್ಲ ನಿಯಮವನ್ನೂ ಹಿಡಿದೆ. ಬೆಳಿಗ್ಗೆ ಸಂಜೆ ಚೀಲ ಖಾಲಿ ಮಾಡುವುದು ನಿಮ್ಮ ಅಜ್ಜನ ಕೆಲಸ. ಅವರು ಕೈ ತೊಳೆಯುವಾಗ ನಾನು ಪಕ್ಕದಲ್ಲಿ ಚೊಂಬು ಹಿಡಿದು ನಿಲ್ಲುತ್ತಿದ್ದೆ. “ಮದ್ವೇಲೂ ಇಷ್ಟು ಕೈ ತೊಳ್ದಿರ್ಲಿಲ್ಲ ನಾನು” ಎಂದು ಅವರು ಗೊಣಗುತ್ತಿದ್ದರು. “ಬೆಕ್ಕೇ, ನೀರು ಇಟ್ಟಿದೀನಿ” ಎಂದು ದಿನಕ್ಕೆ ಹತ್ತು ಸಲ ಹೇಳಿದೆ. “ಈ ಬೆಕ್ಕಿಗೆ ಹೊಟ್ಟೆ ಒಡೀತದೆ ಇವತ್ತು” ಎನ್ನುತ್ತಾ ಮಾವ ಕುಡಿಯುತ್ತಿದ್ದರು. ಚೀಲದ ಮಾತನ್ನೂ ಬೆಕ್ಕಿಗೆ ಹೇಳಿದ್ದೆ. ಆದರೆ ನಾಚಿಕೆಯಿಂದ ಎಷ್ಟು ಸಣ್ಣಗೆ ಹೇಳಿದ್ದೆನೆಂದರೆ, ಅದು ಅವರಿಗೆ ಕೇಳಿಸಿಯೇ ಇರಲಿಲ್ಲ.

ಎಂಟನೆಯ ದಿನ ಮಧ್ಯಾಹ್ನ ಕಬ್ಬಿನ ಹಾಲು ತರಲು ತಂಬಿಗೆ ಹಿಡಿದು ಊರ ಆಲೆಮನೆಗೆ ಹೋದೆ. ಮಾವ ಒಲೆಯ ಪಕ್ಕದಲ್ಲಿ ನಿಂತು ಪಾಕ ನೋಡುತ್ತಿದ್ದರು. ಕೊಪ್ಪರಿಗೆಯ ಸುತ್ತ ಐದಾರು ಗಂಡಸರಿದ್ದರು. ಮಾವನ ಹೆಗಲಿನಲ್ಲಿ ಹಳೆಯ ಬಟ್ಟೆಯ ಬಗಲಚೀಲ ನೇತಾಡುತ್ತಿತ್ತು. ಅದು ಕಂಕುಳಿನ ಕೆಳಗೆ ದಪ್ಪಗೆ ಉಬ್ಬಿತ್ತು. ನೋಡಿದ್ದೇ ನನಗೆ ತಿಳಿದುಹೋಯಿತು. ಯಾರಿಗೂ ಕಾಣಬಾರದೆಂದು ಮೂತ್ರದ ಚೀಲವನ್ನು ಅದರೊಳಗೆ ಇಟ್ಟುಕೊಂಡು ಎಷ್ಟು ದಿನದಿಂದ ತಿರುಗುತ್ತಿದ್ದರೋ!

“ಎಂತ ಮಾರಾಯ್ರೇ, ಆ ಚೀಲ ಕೆಳಗಿಡೋದೇ ಇಲ್ಲ ನೀವು? ಬಂಗಾರ ಇಟ್ಕಂಡೀರಾ?” ಎಂದು ಪಕ್ಕದ ಮನೆಯವರು ಕೇಳಿದರು.

“ಎಲೆ ಅಡಿಕೆ ಕಣಾ.”

“ಹಂಗಾರೆ ಒಂದು ಎಲೆ ಕೊಡಿ ಇತ್ಲಾಗೆ” ಎಂದವರೇ ಚೀಲದೊಳಗೆ ಕೈ ಹಾಕಲು ಹೋದರು. ಮಾವ ಗಾಬರಿಯಿಂದ ಚೀಲವನ್ನು ಇನ್ನೂ ಮೇಲಕ್ಕೆ, ಕಿವಿಯ ಹತ್ತಿರಕ್ಕೆ ಎತ್ತಿ ಹಿಡಿದರು.

“ಮಾವಾ! ಚೀಲ ಕೆಳಗೆ! ಸೊಂಟಕ್ಕಿಂತ ಕೆಳಗೆ!”

ಕೂಗಿದವಳು ನಾನೇ ಎಂದು ತಿಳಿಯಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. ಎಲ್ಲರೂ ತಿರುಗಿ ನೋಡಿದರು. ಮಾವ ಬೆಚ್ಚಿಬಿದ್ದು ಚೀಲವನ್ನು ಮೊಣಕಾಲವರೆಗೆ ಇಳಿಸಿ, ಅಲ್ಲೇ ಮರದ ದಿಮ್ಮಿಯ ಮೇಲೆ ಕುಳಿತುಬಿಟ್ಟರು. ಪಕ್ಕದ ಮನೆಯವರು, “ಅಬ್ಬಾ, ನಿಮ್ಮ ಸೊಸೆಗೆ ಬಾಯಿ ಐತಾ!” ಎಂದರು. ನಾನು ತಂಬಿಗೆ ಅಲ್ಲೇ ಬಿಟ್ಟು ಓಡಿದೆ.

ಸಂಜೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಎಂತಕ್ಕೆ ಕೆಳಗೆ? ಸರಿಯಾಗಿ ಹೇಳು.”

ಹೇಳಿದೆ. ಬಾನಿಯಿಂದ ಹಿಡಿದು ಹಿಂದಕ್ಕೆ ಹರಿಯುವ ಮೂತ್ರದವರೆಗೆ, ನೆಲ ನೋಡುತ್ತಾ ಎಲ್ಲವನ್ನೂ ಹೇಳಿದೆ.

“ಹಂಗನ್ನು ಮತ್ತೆ. ಹಾಲು ಹಿಡಿಯೋ ಬಾನಿ ದಿನಾ ಉಜ್ಜದಿದ್ರೆ ಲೋಳೆ ಕಟ್ಟಿ ಬೆಲ್ಲ ಅಂಟಾಗ್ತದೆ, ಅಚ್ಚು ನಿಲ್ಲಲ್ಲ. ಅದನ್ನ ಊರಿಗೆಲ್ಲ ಹೇಳೋನು ನಾನೇ. ನಂಗೇ ತಿಳೀಲಿಲ್ಲ ನೋಡು.”

ಮಾರನೆಯ ದಿನವೇ ಹಳೆಯ ಸೀರೆಯ ಬಟ್ಟೆಯಲ್ಲಿ ಎರಡು ಲಾಡಿ ಇಟ್ಟು ಒಂದು ಚೀಲ ಹೊಲಿದೆ. ಅದನ್ನು ಪಂಚೆಯ ಒಳಗೆ ಮೊಣಕಾಲಿನ ಕೆಳಗೆ ಕಟ್ಟಿಕೊಂಡರೆ ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಆಗಲೇ ಹಿಂದಕ್ಕೆ ಹರಿದದ್ದು ಏನು ಮಾಡುತ್ತದೋ ಎಂಬ ಭಯ ನನ್ನನ್ನು ಬಿಡಲಿಲ್ಲ. ಆಸ್ಪತ್ರೆಯಿಂದ ಕೊಂಡು ತಂದಿದ್ದ ಥರ್ಮಾಮೀಟರನ್ನು ದಿನಕ್ಕೆ ಮೂರು ಸಲ ಮಾವನ ಬಾಯಲ್ಲಿಟ್ಟು ನೋಡುತ್ತಿದ್ದೆವು. ಹನ್ನೆರಡನೆಯ ದಿನ ಪಾದರಸ ನೂರಕ್ಕೆ ಏರಿತು. ನಿಮ್ಮ ಅಜ್ಜ ಬಸ್ಸಿಗೆ ಹೊರಡಲು ಅಂಗಿ ಹಾಕಿಯೇಬಿಟ್ಟರು. ಆಮೇಲೆ ತಿಳಿಯಿತು, ಮಾವ ಆಗಷ್ಟೇ ಬಿಸಿ ಬೆಲ್ಲದ ಪಾಕವನ್ನು ಬಾಯಿಗೆ ಹಾಕಿ ರುಚಿ ನೋಡಿ ಬಂದಿದ್ದರು! ಅರ್ಧ ಗಂಟೆ ಬಿಟ್ಟು ನೋಡಿದರೆ ಎಲ್ಲವೂ ಸರಿಯಾಗಿತ್ತು. “ಇನ್ಮೇಲೆ ಪಾಕ ತಿಂದು ಬಂದ್ರೆ ಮೊದ್ಲೇ ಹೇಳಿ ಮಾವ” ಎಂದು ಗದರಿಯೇಬಿಟ್ಟೆ.

ಇಪ್ಪತ್ತು ದಿನ ಜ್ವರವಿಲ್ಲದೆ ಕಳೆಯಿತು. ಸಾಗರದಲ್ಲಿ ಆಪರೇಷನ್ ಆಯಿತು. ಆಮೇಲೂ ಕೆಲವು ದಿನ ಹೊಸ ನಳಿಗೆ ಇತ್ತು. ಬೇಡವಾದ ದಿನ ಒಂದು ಗಂಟೆಯೂ ಹೆಚ್ಚು ಇಡಬಾರದು, ಬೇಗ ತೆಗೆಯುವುದೇ ದೊಡ್ಡ ಔಷಧಿ ಎಂದು ಹೇಳಿ ನರ್ಸಮ್ಮ ಬೆಳಿಗ್ಗೆಯೇ ತೆಗೆದರು. ಇನ್ನು ಮೂತ್ರ ತಾನಾಗಿ ಆಗಬೇಕು, ಆಗದಿದ್ದರೆ ಮತ್ತೆ ನಳಿಗೆ ಹಾಕಬೇಕು ಎಂದರು. ಮಾವ ನೀರು ಕುಡಿದರು, ಮತ್ತೂ ಕುಡಿದರು. ಮಧ್ಯಾಹ್ನ ಎದ್ದು, ಗೋಡೆ ಹಿಡಿದುಕೊಂಡು ವಾರ್ಡಿನ ಕೊನೆಯಲ್ಲಿದ್ದ ಬಚ್ಚಲಿಗೆ ಒಬ್ಬರೇ ಹೋದರು. ನಾವು ಹೊರಗೆ ನಿಂತೆವು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಒಳಗಿನಿಂದ, ಇಡೀ ವಾರ್ಡಿಗೆ ಕೇಳುವಂತೆ ಮಾವನ ದನಿ ಬಂತು:

“ಬಂತು ಕಣೇ, ಬಂತು! ನಳಿಗೆ ಗಿಳಿಗೆ ಎಂತದೂ ಬ್ಯಾಡ!”

ಹಾಸಿಗೆಯಲ್ಲಿದ್ದವರೆಲ್ಲ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕರು.