ಮಂಡಿಯ ಹಿಂದಿನ ಕೆಂಪು ಬಳೆ

ಇಲ್ಲಿಯ ಸ್ನಾನದ ಮನೆಯಲ್ಲಿ ಆಳೆತ್ತರದ ಕನ್ನಡಿ ಇದೆ. ಐವತ್ತೆರಡು ವರ್ಷ ನನ್ನ ಮಂಡಿಯ ಹಿಂಭಾಗವನ್ನು ನಾನೇ ಸರಿಯಾಗಿ ನೋಡಿರಲಿಲ್ಲ. ಆಸ್ಟ್ರಿಯಾಕ್ಕೆ ಬಂದ ಎಂಟನೆಯ ತಿಂಗಳು, ಜೂನಿನ ಒಂದು ಬೆಳಿಗ್ಗೆ, ಅಲ್ಲಿ ಬಳೆಯಷ್ಟು ಅಗಲದ ಕೆಂಪು ವೃತ್ತ ಕಂಡಿತು. ಒಳಗಿನ ಚರ್ಮ ಎಂದಿನಂತೆಯೇ ಇತ್ತು, ಮಧ್ಯೆ ಸಾಸಿವೆಯಷ್ಟು ಒಂದು ಚುಕ್ಕೆ. ತುರಿಕೆಯಿಲ್ಲ, ನೋವಿಲ್ಲ.

ಗಂಡ ಇಲ್ಲಿಯ ಆಯುರ್ವೇದ ವಿಶ್ರಾಂತಿಧಾಮಕ್ಕೆ ಎಣ್ಣೆ ತಿಕ್ಕುವ ಕೆಲಸಕ್ಕೆ ಬಂದವರು. ಅಡುಗೆಗೂ ಜನ ಬೇಕೆಂದಾಗ ಪುತ್ತೂರಿನಿಂದ ನಾನೂ ಬಂದೆ. ಎರಡು ಕೋಣೆಯ ಬಾಡಿಗೆ ಮನೆ, ಹಿತ್ತಲು ದಾಟಿದರೆ ಸೊಂಟದೆತ್ತರದ ಹುಲ್ಲು. ಊರಿನಲ್ಲಿ ತಂಬುಳಿಗೆ ಒಂದೆಲಗ ಕೊಯ್ದಂತೆ ಇಲ್ಲಿ ಬ್ರೆನ್‌ನೆಸ್ಸೆಲ್ ಕೊಯ್ಯುತ್ತೇನೆ. ಮುಟ್ಟಿದರೆ ಉರಿಸುವ, ಬೆಂದರೆ ಸಾಧುವಾಗುವ ಸೊಪ್ಪು ಅದು. ಆ ತಂಬುಳಿ ಕುಡಿದ ಅತಿಥಿಗಳು ಇನ್ನೊಂದು ಲೋಟ ಕೇಳಿದ ದಿನ, ಮಾತಾಡಲು ಜನರಿಲ್ಲದ ಬೇಸರ ಸ್ವಲ್ಪ ಇಳಿದಿತ್ತು.

ವೃತ್ತ ಕಂಡ ಕೂಡಲೇ ನನಗೆ ಹೊಳೆದದ್ದು ಸರ್ಪಸುತ್ತು. ನಮ್ಮ ಕಡೆ ಮೈಮೇಲೆ ಕೆಂಪಗೆ ಸುತ್ತಿದ್ದೆಲ್ಲ ಮೊದಲು ಅದೇ. ಅದರ ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ, ನಾಟಿ ಮದ್ದು ಹಚ್ಚಿದ ಮೇಲೆ ಬೇರೆ ಮದ್ದು ಮುಟ್ಟಬಾರದು ಎಂದು ಕೇಳುತ್ತಲೇ ಬೆಳೆದವಳು ನಾನು.

“ಇಲ್ಲಿ ಸರ್ಪ ಎಲ್ಲಿಂದ ಬಂತು ಮಾರಾಯ್ತಿ? ಈ ಊರಿನ ಚಳಿ ದಾಟ್ಲಿಕ್ಕೆ ಅದಕ್ಕೂ ಸ್ವೆಟರ್ ಬೇಕು. ಡಾಕ್ಟ್ರಲ್ಲಿಗೆ ಹೋಗುವ,” ಎಂದರು ಗಂಡ.

“ಇಂಗ್ಲಿಷ್ ಮದ್ದು ತಿಂದು ಅದು ಒಳಗೆ ಹೋದ್ರೆ ಎಂತ ಮಾಡುದು?”

ಗರಿಕೆ ಸಿಗದೆ, ಅದರಂತೆ ಕಂಡ ಹುಲ್ಲನ್ನು ಅಕ್ಕಿಯೊಂದಿಗೆ ಅರೆದು ಹಚ್ಚಿದೆ. ದಿನಾ ಸ್ನಾನದ ನಂತರ ಗಂಡನಿಂದ ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆಸಿ ತಾರೀಕು ಬರೆಸಿದೆ. ನಾಲ್ಕನೆಯ ದಿನಕ್ಕೆ ಅದು ಮೊದಲ ಗೆರೆಯಿಂದ ಎರಡು ಬೆರಳು ಹೊರಗಿತ್ತು. ಮೈ ಬೆಚ್ಚಗಾಗಿ ಕುತ್ತಿಗೆ ಹಿಡಿದುಕೊಂಡಿತು.

ಗುತ್ತಿಗಾರಿನ ದೊಡ್ಡಮ್ಮ ನಲವತ್ತು ವರ್ಷದಿಂದ ಸರ್ಪಸುತ್ತಿಗೆ ಮದ್ದು ಕೊಡುವವರು. ಮಳೆಗೆ ಅಲ್ಲಿ ರೇಂಜ್ ಇಲ್ಲದೆ ಅಷ್ಟು ದಿನ ಸಿಗದವರು ಅಂದು ಫೋನಿನಲ್ಲಿ ಸಿಕ್ಕಿದರು. ಗಂಡ ಮೊಬೈಲನ್ನು ನನ್ನ ಮಂಡಿಯ ಹಿಂದೆ ಹಿಡಿದರು.

“ಉರಿ ಉಂಟಾ?”

“ಇಲ್ಲ ದೊಡ್ಡಮ್ಮ.”

“ನೀರುಗುಳ್ಳೆ? ಬಟ್ಟೆ ತಾಗಿದ್ರೆ?”

“ಎಂತದೂ ಗೊತ್ತಾಗುದಿಲ್ಲ.”

ಮೊಬೈಲನ್ನು ಇನ್ನೂ ಹತ್ತಿರ ಹಿಡಿಯಲು ಹೇಳಿ ನೋಡಿದರು. ಆಮೇಲೆ, “ಇದು ಸರ್ಪಸುತ್ತಲ್ಲ ಮಗಾ. ಇಂಥದ್ದು ನಾನು ನೋಡಿಯೇ ಇಲ್ಲ. ಅದು ಆ ಊರಿನದ್ದು, ಆ ಊರಿನವರಿಗೇ ಗೊತ್ತಿದ್ದೀತು. ಹಚ್ಚಿದ್ದನ್ನು ತೊಳೆದು ಈಗಲೇ ಹೋಗು,” ಎಂದರು. “ಅಕ್ಕಿ ಅರೆದದ್ದು ದೋಸೆಗಾದ್ರೂ ಆಗ್ತಿತ್ತು.”

ಇಲ್ಲಿಯ ಡಾಕ್ಟರು ಒಮ್ಮೆ ನೋಡಿ ‘ವಾಂಡರ್‌ರ್ಯೋಟೆ’ ಎಂದರು. ಚರ್ಮದ ಮೇಲೆ ಮೆಲ್ಲಗೆ ಹರಡುತ್ತ ಹೋಗುವ ಕೆಂಪಿಗೆ ಇಲ್ಲಿಯವರ ಹೆಸರು. ಹುಲ್ಲಿನ ಉಣುಗು ಕಚ್ಚಿ ಬರುವ ಲೈಮ್ ಕಾಯಿಲೆಯ ಮೊದಲ ಗುರುತು. ಎಲ್ಲರಲ್ಲೂ ಹೀಗೆ ಬಳೆಯಂತೆ ಕಾಣುವುದಿಲ್ಲವಂತೆ. ನೋವಿಲ್ಲವೆಂದು ಬಿಟ್ಟರೆ ಮುಂದೆ ಕೀಲಿಗೆ, ನರಕ್ಕೆ, ಹೃದಯಕ್ಕೂ ತಾಗಬಹುದಂತೆ. ನನ್ನ ಗೆರೆಗಳನ್ನು ಕಂಡು, ಎಷ್ಟು ದಿನದಲ್ಲಿ ಎಷ್ಟು ಹರಡಿದೆಯೆಂದು ಕೇಳುವ ಕೆಲಸವೇ ತಪ್ಪಿತು ಎಂದು ನಕ್ಕರು. ಮೂರು ವಾರಕ್ಕೆ ಗುಳಿಗೆ ಬರೆದರು.

ಕೊಯಿಲದ ತವರಿನಲ್ಲಿ ದನದ ಕಿವಿಯಿಂದ ನಾನು ಕಿತ್ತ ಉಣುಗಿಗೆ ಲೆಕ್ಕವಿಲ್ಲ. ಅದು ದನದ ತೊಂದರೆ ಎಂದಷ್ಟೇ ತಿಳಿದಿದ್ದೆ. ಇಲ್ಲಿಯದು ಗಸಗಸೆಯಷ್ಟು, ಕಚ್ಚಿದ್ದೇ ಗೊತ್ತಾಗಿರಲಿಲ್ಲ.

“ಎಲ್ಲಿ ಕಚ್ಚಿರಬಹುದು?” ಎಂದು ಡಾಕ್ಟರು ಕೇಳಿದರು. ಗಂಡ ಬಾಯಿ ತೆರೆಯುವ ಮೊದಲೇ ನಾನು ನನ್ನ ಮುರುಕು ಜರ್ಮನ್‌ನಲ್ಲಿ, “ನಮ್ಮ ಮನೆಯ ಹಿಂದೆ,” ಎಂದೆ. ಗಂಡ ನನ್ನ ಮುಖ ನೋಡಿದರು. ಅಲ್ಲಿಯವರೆಗೆ ಆ ಮನೆಯನ್ನು ನಾನು ‘ನಮ್ಮದು’ ಎಂದದ್ದಿಲ್ಲ.

ಹಿಂದಿರುಗಿ ಮೊದಲ ಗುಳಿಗೆ ನುಂಗಿ ದೊಡ್ಡಮ್ಮನಿಗೆ ಫೋನು ಮಾಡಿದೆ. ಅವರೂ ಅದನ್ನೇ ಕೇಳಿದರು: “ಎಲ್ಲಿ ಹೋಗಿ ಕಚ್ಚಿಸಿಕೊಂಡದ್ದು ನೀನು?”

“ಇಲ್ಲಿಯವರ ಊರಿನ ಹುಲ್ಲಲ್ಲಿ ದೊಡ್ಡಮ್ಮ,” ಎಂದೆ.

ಎರಡು ಉತ್ತರಗಳ ನಡುವೆ ಒಂದು ಗಂಟೆಯೂ ಕಳೆದಿರಲಿಲ್ಲ. ಎರಡರಲ್ಲಿ ಯಾವುದನ್ನೂ ತಿದ್ದಬೇಕೆಂದು ನನಗೆ ಅನಿಸಲಿಲ್ಲ.