ಮಾಳವ್ವನಿಗೆ ತಪ್ಪಿಸಿದ ಹಾಲು

ಮೊನ್ನೆ ಸುಲೇಪೇಟದ ಬಸ್ಸಿನಲ್ಲಿ ನನ್ನ ಪಕ್ಕ ಕುರಿಗಾರನೊಬ್ಬ ಬಂದು ಕೂತ. ಅವನ ಕಂಬಳಿಯಿಂದ ಎದ್ದ ಉಣ್ಣೆಯ, ಹೊಗೆಯ, ಆಡಿನ ಹಾಲಿನ ವಾಸನೆಗೆ ಉಳಿದವರು ಮೂಗು ಮುಚ್ಚಿಕೊಂಡರು. ನಾನು ಎದೆ ತುಂಬ ಎಳೆದುಕೊಂಡೆ. ಅದು ನಮ್ಮ ಮನೆಯ ವಾಸನೆ. ಈಗ ಆ ಮನೆಯೂ ಇಲ್ಲ, ಮಂದೆಯೂ ಇಲ್ಲ. ನಿಮ್ಮ ಬಾಲ್ಯಕ್ಕೂ ಇಂಥದೊಂದು ವಾಸನೆ ಇದ್ದೀತು. ಅದಕ್ಕೆ ನೀವು ಒಮ್ಮೆಯೂ ನಾಚಿಕೊಂಡಿರದಿದ್ದರೆ ನನಗಿಂತ ಒಳ್ಳೆಯವರು.

ನಮ್ಮದು ಕುರುಬರ ಮನೆ. ಕುರಿಗಳ ಜೊತೆ ನಾಲ್ಕು ಆಡುಗಳಿದ್ದವು. ಅವುಗಳ ಹಾಲು ಮನೆಯ ಕೂಸುಗಳದು. ಅಪ್ಪನ ತಾಯಿಯನ್ನು ಆಯಿ ಎನ್ನುತ್ತಿದ್ದೆವು. ಅವಳು ಕೂಸಿನ ಸೊಂಟಕ್ಕೆ ಕರಿ ಉಣ್ಣೆಯ ಉಡದಾರ ಕಟ್ಟಿ, ಅಮಾವಾಸ್ಯೆಗೊಮ್ಮೆ ಅದರ ಗಂಟು ಸಡಿಲಿಸುತ್ತಿದ್ದಳು. ಆಸ್ಪತ್ರೆಯ ತಕ್ಕಡಿ ಕಾಣದ ನಮಗೆ ಕೂಸು ಬೆಳೆಯುತ್ತಿದೆ ಎಂದು ತಿಳಿಯುತ್ತಿದ್ದುದು ಅದರಿಂದಲೇ. ನಾನಾಗ ಚಿತ್ತಾಪುರದಲ್ಲಿ ಒಂಬತ್ತನೇ ಜಮಾತು ಓದುತ್ತಿದ್ದೆ. ಇಸ್ತ್ರಿ ಅಂಗಿ, ತಲೆಗೆ ಮೆತ್ತಿದ ಎಣ್ಣೆ, ಆ ಎಣ್ಣೆಯ ಕೆಳಗೆ ಏನೂ ಇಲ್ಲ. ಹಾಸ್ಟೆಲಿನ ಹುಡುಗರು "ಬಂತು ನೋಡ್ರೋ ಹೋತ" ಎಂದು ಮೂಗು ಹಿಡಿಯುತ್ತಿದ್ದರು. ರಜೆಗೆ ಬಂದಾಗ ಎರಡು ವರ್ಷದ ತಂಗಿ ಮಾಳವ್ವ ನನ್ನ ಹೊಸ ಅಂಗಿಯ ಮೇಲೆ ಹಾಲು ಕಕ್ಕಿದಳು. ಸಿಟ್ಟಿಗೆ ಒಂದು ಸುಳ್ಳು ಹೇಳಿದೆ.

"ಅವ್ವಾ, ಆಡಿನ ಹಾಲು ಕುಡದ್ರ ಕೂಸು ದಡ್ಡ ಆಗ್ತದ. ನಮ್ಮ ಬುಕ್ಕಿನಾಗ ಬರದದ."

ಆಯಿ ನಕ್ಕಳು. "ಖರೇ ಅದ ಬಿಡು ಸಾಹೇಬಾ. ನೀನೂ ಅದನ್ನೇ ಕುಡದಿ, ನೋಡ್ಲಿಕತ್ತೀನಲ್ಲ!"

ಅವ್ವ ನಗಲಿಲ್ಲ. "ನಮಗೇನ್ ತಿಳೀತದ್ರಿ ಅತ್ತಿ? ಓದಿದಂವ ಹೇಳ್ಲಿಕತ್ಯಾನ."

ಅಪ್ಪ ಶಹಾಬಾದದಿಂದ ಪುಡಿಹಾಲಿನ ಡಬ್ಬಿ ತಂದ. ಬೇಗ ತೀರಬಾರದೆಂದು ಅವ್ವ ಒಂದು ಚಮಚೆ ಪುಡಿಗೆ ಒಂದು ಚರಿಗೆ ನೀರು ಬೆರೆಸಿದಳು. ಆಡಿನ ಹಾಲು ಮಂದೆಯ ನಾಯಿಗೆ ಹೋಯಿತು. ನಾಯಿಯ ಮೈ ಮಿರಿಮಿರಿ ಮಿಂಚಿತು. ಮಾಳವ್ವನ ಉಡದಾರ ಸೊಂಟದಿಂದ ಜಾರತೊಡಗಿತು. ನಾನು ದೀಪಾವಳಿಗೆ ಬಂದಾಗ ಆಯಿ ಅದರ ಗಂಟು ಬಿಗಿಯುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ಬುಕ್ಕಿನಲ್ಲಿ ಹಾಗೇನೂ ಬರೆದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಓದಿದವನ ಮಾನ ಹೋದೀತೆಂದು ಬಾಯಿ ಮುಚ್ಚಿಕೊಂಡೆ. ಎಂಥ ಮಾನ! ನಾಯಿಯೂ ಮೂಸದ ಮಾನ. ಆ ಚಳಿಗಾಲದಲ್ಲಿ ಊರಿಗೆ ದಡಾರ ಬಂತು. ಓಣಿಯ ಮಕ್ಕಳೆಲ್ಲ ಮಲಗಿ, ಎದ್ದು, ಮತ್ತೆ ಆಡಿದರು. ಮಾಳವ್ವ ಏಳಲಿಲ್ಲ.

ಆಯಿ, ಅಪ್ಪ, ಅವ್ವ ಯಾರೂ ಈಗಿಲ್ಲ. ಅವರಿಗೆ ಹೇಳಬೇಕಾದದ್ದನ್ನು ಅವರು ಹೋದ ಮೇಲೆ ನಿಮಗೆ ಹೇಳುತ್ತಿದ್ದೇನೆ, ಇದೂ ಹೇಡಿತನವೇ. ಮಾಳವ್ವ ಹೋದ ಮರುವರ್ಷ ತಮ್ಮ ಹುಟ್ಟಿದ್ದ. ಅವನಿಗೆ ಮೊಲೆ ಬಿಡಿಸುವ ಕಾಲಕ್ಕೆ ಅವ್ವ ಅವನನ್ನು ತಂದು ನನ್ನ ತೊಡೆಯ ಮೇಲೆ ಕೂಡಿಸಿ, "ಇದಕ್ಕ ಏನ್ ಕುಡಿಸ್ಲೆಪಾ? ನೀ ಹೇಳ್ದಂಗ ಮಾಡ್ತೀನಿ" ಎಂದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೇಳಿ, ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತ ಕೂತಳು.